ಹಟ್ಟಿಕೋಣದ ಮಧ್ಯಾಹ್ನಗಳು

ಎದುರಿಗೆ ಸಿಕ್ಕವರಿಗೆಲ್ಲ ನಮಸ್ಕಾರ ಹೇಳುವ ಚಟವೊಂದು ನನಗಿದೆ. ಗುರುತಿನವರಿಗೆ ಎಲ್ಲರೂ ಹೇಳುತ್ತಾರೆ, ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ನನ್ನದು ಗುರುತಿಲ್ಲದವರ ಮೇಲಿನ ದಾಳಿ. ಸಂಜೆ ಫ್ರೀಮಾಂಟಿನ ಕೆರೆಯ ಸುತ್ತ ವಾಕಿಂಗಿಗೆ ಹೊರಟೆನೆಂದರೆ ನಾಯಿ ಹಿಡಿದವರು, ಕಿವಿಗೆ ಏನೋ ಸಿಕ್ಕಿಸಿಕೊಂಡು ಓಡುವವರು, ಫೋನಿನಲ್ಲಿ ಆಫೀಸಿನ ಮೀಟಿಂಗು ನಡೆಸುತ್ತಲೇ ನಡೆಯುವವರು, ಬೆಂಚಿನ ಮೇಲೆ ಸಾಲಾಗಿ ಕುಳಿತು ಗುಜರಾತಿಯಲ್ಲಿ ಮಾತಾಡುವ ಅಜ್ಜಂದಿರು, ಯಾರನ್ನೂ ಬಿಡುವುದಿಲ್ಲ. ತಲೆ ತುಸು ಬಾಗಿಸಿ ಬಾಯೊಳಗೆ ಏನೋ ಗೊಣಗುತ್ತೇನೆ. ಅಜ್ಜಂದಿರು ಕೈ ಮುಗಿಯುತ್ತಾರೆ. ಉಳಿದವರು, ತಮ್ಮ ಬೆನ್ನ ಹಿಂದೆ ಇನ್ನಾರಾದರೂ ಬರುತ್ತಿದ್ದಾರೋ ಎಂದು ತಿರುಗಿ ನೋಡುತ್ತಾರೆ.

ಹೈಸ್ಕೂಲಿಗೆ ಹೋಗುವ ಮಗಳು ಅನಘಾಳಿಗೆ ಇದು ದೊಡ್ಡ ಅವಮಾನ. ನನ್ನ ಜೊತೆ ನಡೆಯಲು ಬಂದರೂ ನಾಲ್ಕು ಮಾರು ದೂರದಲ್ಲೇ ಬರುತ್ತಾಳೆ.

"ಅಪ್ಪಾ, ಪ್ಲೀಸ್. ಯು ಡೋಂಟ್ ಈವನ್ ನೋ ಹಿಮ್."

"ಗೊತ್ತಿಲ್ಲ. ಅದಕ್ಕೇ ಹೇಳಿದ್ದು."

"ದಟ್ ಮೇಕ್ಸ್ ನೋ ಸೆನ್ಸ್."

ಅವಳ ಮಾತೂ ಸರಿಯೇ. ಆದರೆ ಈ ಚಟ ನನಗೆ ಅಂಟಿದ ಊರಿನಲ್ಲಿ ಅದಕ್ಕೆ ಅರ್ಥವಿತ್ತು. ಅಲ್ಲಿ ದಾರಿಯಲ್ಲಿ ಎದುರಾದವರಿಗೆ "ಗ್ರ್ಯೂಟ್ಸಿ" ಎನ್ನದೆ ಮುಂದೆ ಹೋದರೆ, ನಿಮಗೆ ಮೈ ಹುಷಾರಿಲ್ಲವೇನೋ ಎಂದು ನೋಡುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ, ಜ್ಯೂರಿಕ್ ಪಟ್ಟಣದ ಅಂಚಿನಲ್ಲಿ, ಆ ಊರಿನ ಹೆಸರು ಹಟ್ಟಿಕೋನ್. ಕುಂದಾಪುರದ ಕಡೆಯ ನನ್ನ ಅಮ್ಮನಿಗೆ ಫೋನಿನಲ್ಲಿ ಈ ಹೆಸರು ಹೇಳಿದಾಗ ಅವಳು ಒಂದು ಕ್ಷಣವೂ ತಡೆಯದೆ, "ಹಟ್ಟಿಕೋಣವಾ? ಒಳ್ಳೆ ಹೆಸ್ರ್ ಮಾರಾಯಾ. ಹಟ್ಟಿ ಇದ್ರೆ ದನವೂ ಇಕ್ಕ್" ಎಂದಿದ್ದಳು. ನಮ್ಮ ಮನೆಯಲ್ಲಿ ಅಂದಿನಿಂದ ಅದು ಹಟ್ಟಿಕೋಣವೇ.

ಅಮ್ಮನ ಊಹೆ ಸುಳ್ಳಾಗಲಿಲ್ಲ. ಹಟ್ಟಿಕೋಣ ಒಂದು ಕಾಲಕ್ಕೆ ಅಪ್ಪಟ ಹಳ್ಳಿ. ಒಂದು ಚರ್ಚು, ದನ ನೀರು ಕುಡಿಯುವ ಒಂದು ಕಲ್ಲಿನ ತೊಟ್ಟಿ, ಇಳಿಜಾರಿನ ತುಂಬ ಸೇಬಿನ ಮರ, ಅವುಗಳ ಕೆಳಗೆ ಮೇಯುವ ದನ. ಆಮೇಲೆ ರೈಲು ಬಂತು. ರೈಲಿನ ಹಿಂದೆ, ಬೆಳಿಗ್ಗೆ ಪಟ್ಟಣಕ್ಕೆ ಹೋಗಿ ಸಂಜೆ ಮಲಗಲು ಬರುವ ಜನ ಬಂದರು. ಅವರ ಹಿಂದೆ ನಾವೂ ಬಂದೆವು. ಆಲೂಗಡ್ಡೆ ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡಗಳು ಎದ್ದವು. ಬಸ್ ಸ್ಟಾಪುಗಳ ಹೆಸರು ಮಾತ್ರ ಹಳೆಯವೇ ಉಳಿದಿದ್ದವು. ಎತ್ತಿನ ಗದ್ದೆ ಎಂಬಲ್ಲಿ ಇಳಿದರೆ ಟೈರಿನ ಅಂಗಡಿ, ಗಿರಣಿ ಹಳ್ಳ ಎಂಬಲ್ಲಿ ಇಳಿದರೆ ಹಲ್ಲಿನ ಡಾಕ್ಟರು. ತೊಟ್ಟಿಗೆ ನೀರು ಇನ್ನೂ ಬೀಳುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಅದಕ್ಕೆ ಬಾಯಿ ಇಡುತ್ತಿದ್ದರು.

ಇಷ್ಟೆಲ್ಲ ಕಟ್ಟಡಗಳ ನಡುವೆ, ಬಾಯಲ್ಲಿ ಉಳಿದ ಕೊನೆಯ ಹಲ್ಲಿನ ಹಾಗೆ, ಒಂದು ದನದ ಹಟ್ಟಿ ಇತ್ತು. ಅದರ ಮೇಯುವ ಗದ್ದೆ ನಮ್ಮ ಎರಡನೆಯ ಮಹಡಿಯ ಫ್ಲ್ಯಾಟಿನ ಕಿಟಕಿಯ ಕೆಳಗೇ.

ನಾನು ಅಲ್ಲಿಗೆ ಹೋದದ್ದು ಹೆಂಡತಿಯ ಲಗೇಜಿನ ಜೊತೆ. ಶೈಲಾ ಔಷಧಿ ಸಂಶೋಧನೆಯವಳು. ಅವಳಿಗೆ ಅಲ್ಲಿ ಕೆಲಸ ಸಿಕ್ಕಿತು. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಸ್ವಿಟ್ಜರ್ಲೆಂಡಿನ ನಕ್ಷೆಯನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲವನು, ಹಟ್ಟಿಕೋಣದಲ್ಲಿ ಹಾಲು ತರಲು ಹೋಗಿ ದಾರಿ ತಪ್ಪಿದೆ. ಜರ್ಮನ್ ಬಾರದ ಭೂಗೋಳದ ಮೇಷ್ಟ್ರಿಗೆ ಅಲ್ಲಿ ಯಾರು ಕೆಲಸ ಕೊಡುತ್ತಾರೆ? ಆಗಷ್ಟೇ ನಡೆಯಲು ಕಲಿತಿದ್ದ ಅನಘಾಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗವಾಯಿತು. ಕೈಗಾಡಿಯಲ್ಲಿ ಕೂರಿಸಿಕೊಂಡು ಊರು ಸುತ್ತುವುದು, ಎದುರಾದವರಿಗೆ ಗ್ರ್ಯೂಟ್ಸಿ ಹೇಳುವುದು, ಮಧ್ಯಾಹ್ನ ಮಗುವನ್ನು ಮಲಗಿಸುವುದು.

ಆ ಮಧ್ಯಾಹ್ನಗಳು ನನಗೆ ಈಗಲೂ ಬೇಕಾದಾಗ ಸಿಗುತ್ತವೆ. ಫ್ರೀವೇಯಲ್ಲಿ ಕಾರುಗಳು ಇರುವೆ ಸಾಲಿನಂತೆ ನಿಂತಾಗ ನಾನು ಹಟ್ಟಿಕೋಣಕ್ಕೆ ಹೋಗಿಬಿಡುತ್ತೇನೆ. ನೆಲದವರೆಗೂ ಇದ್ದ ಆ ದೊಡ್ಡ ಕಿಟಕಿ, ಅದಕ್ಕೆ ಅಡ್ಡ ಕಬ್ಬಿಣದ ಕಟಕಟೆ. ಕಿಟಕಿ ತೆರೆದು, ಚಾಪೆ ಹಾಸಿ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬೆನ್ನು ತಟ್ಟುತ್ತ ಇರುತ್ತಿದ್ದೆ. ಗಾಳಿಯಲ್ಲಿ ಕೊಯ್ದ ಹುಲ್ಲಿನ ವಾಸನೆ. ಆ ಹೊತ್ತಿಗೆ ದನಗಳು ಕಿಟಕಿಯ ಕೆಳಗೆ ಬರುತ್ತಿದ್ದವು. ಒಂದೊಂದರ ಕೊರಳಲ್ಲೂ ಒಂದೊಂದು ಗಂಟೆ, ಒಂದರ ಸದ್ದು ಇನ್ನೊಂದಕ್ಕಿಲ್ಲ. ಮೇಯುವಾಗ ಅವು ತಮಗೆ ತೋಚಿದಾಗ ತೋಚಿದ ಹಾಗೆ ಬಾರಿಸುವವು. ಆ ಸದ್ದಿಗೆ ಮಗು ತಣ್ಣಗೆ ನಿದ್ದೆ ಹೋಗುತ್ತಿತ್ತು. ನಾನೂ ಒಂದಿಷ್ಟು ಕಣ್ಣು ಮುಚ್ಚುತ್ತಿದ್ದೆ. ಕಣ್ಣು ಬಿಟ್ಟಾಗ ಮಗು ನೆಲದ ಮೇಲೆ ಮುದುರಿಕೊಂಡು ಮಲಗಿರುತ್ತಿತ್ತು, ಹೆಚ್ಚಾಗಿ ಕಿಟಕಿಯ ಹತ್ತಿರ, ಚಾಪೆಯ ಹೊರಗೆ. ಹೊರಳುವ ಮಗು ಎಂದುಕೊಳ್ಳುತ್ತಿದ್ದೆ.

ಅವಳು ಮೊದಲ ಮಾತಾಡಿದ್ದೂ ಆ ದಿನಗಳಲ್ಲೇ. "ಅಮ್ಮ" ಎಂದಳು. ಸರಿಯಾಗಿ ಹೇಳಬೇಕೆಂದರೆ "ಅಲ್ಮ" ಎಂಬಂತೆ ಕೇಳುತ್ತಿತ್ತು, ಎಳೆ ನಾಲಗೆ. ಶೈಲಾ ಮಂಗಳೂರಿನಿಂದ ಮುಂಬೈವರೆಗೆ ಇರುವ ಬಂಧುಗಳಿಗೆಲ್ಲ ಫೋನು ಮಾಡಿದಳು. ದಿನವಿಡೀ ಅನ್ನ ಕಲಸಿ ತಿನ್ನಿಸಿ, ಬಟ್ಟೆ ಬದಲಿಸಿ, ಎತ್ತಿಕೊಂಡು ತಿರುಗುವವನು ನಾನು. ಹೊತ್ತು ಮುಳುಗಿದ ಮೇಲೆ ಮನೆಗೆ ಬರುವವಳ ಹೆಸರು ಮೊದಲು ಬಂತಲ್ಲ ಎಂದು ಒಳಗೊಳಗೇ ಸ್ವಲ್ಪ ಉರಿಯಿತು. ಹೊರಗೆ ಪಾಯಸ ಮಾಡಿದೆ.

ದನಗಳ ಯಜಮಾನಿ ಫ್ರಾವ್ ಏಗ್ಲಿ. ಫ್ರಾವ್ ಎಂದರೆ ನಮ್ಮ ಶ್ರೀಮತಿ ಎಂದ ಹಾಗೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಹಟ್ಟಿ ನಡೆಸುತ್ತಿದ್ದ ಎತ್ತರದ ಹೆಂಗಸು. ಗಂಡಸರ ಬೂಟು, ತಲೆಗೆ ಬಿಗಿದು ಕಟ್ಟಿದ ಬಟ್ಟೆ. ನಮ್ಮ ಪರಿಚಯ ಸುಖವಾಗಿ ಆಗಲಿಲ್ಲ. ವಸಂತ ಕಾಲದಲ್ಲಿ ಮೊಣಕಾಲೆತ್ತರ ಬೆಳೆದ ಹುಲ್ಲಿನ ನಡುವೆ ನಾನು ಹೂವು ನೋಡುತ್ತ ಕೈಗಾಡಿ ತಳ್ಳಿಕೊಂಡು ಹೊರಟಿದ್ದೆ. ದೂರದಲ್ಲಿ ಅವರು ಎರಡೂ ಕೈ ಎತ್ತಿ "ಹಾಯ್, ಹಾಯ್" ಎಂದು ಕೂಗಿದರು. ಎಂಥ ಸ್ನೇಹದ ಜನ ಎಂದುಕೊಂಡು ನಾನೂ ಕೈ ಎತ್ತಿ "ಹಾಯ್" ಎಂದೆ. ಅವರು ಇನ್ನೂ ಜೋರಾಗಿ ಕೂಗಿದರು. ನಾನೂ ಬಿಡಲಿಲ್ಲ. ಕೊನೆಗೆ ಅವರೇ ದಾಪುಗಾಲು ಹಾಕಿಕೊಂಡು ಬಂದು, ಒಂದು ಹಿಡಿ ಹುಲ್ಲು ಕಿತ್ತು ನನ್ನ ಮೂಗಿನ ಹತ್ತಿರ ಹಿಡಿದರು. ಜರ್ಮನ್ನಿನಲ್ಲಿ ಒಣಹುಲ್ಲಿಗೆ ಹೊಯ್ ಎನ್ನುತ್ತಾರೆ, ನನ್ನ ಕಿವಿಗೆ ಅದು ಹಾಯ್ ಎಂದು ಬಿದ್ದಿತ್ತು. ನಾನು ತುಳಿಯುತ್ತಿದ್ದದ್ದು ದನಗಳ ಚಳಿಗಾಲದ ಊಟ.

ನಾನು ಕೆಡಿಸಿದ್ದನ್ನು ಅಮ್ಮ ಸರಿ ಮಾಡಿದಳು. ಮೊಮ್ಮಗಳನ್ನು ನೋಡಲು ಬಂದವಳು ಎರಡನೆಯ ದಿನವೇ ಬೇಲಿಯ ಹತ್ತಿರ ಹೋಗಿ ನಿಂತಳು. ಸೀರೆಯ ಮೇಲೆ ನನ್ನ ಕೋಟು, ಕಾಲಿಗೆ ಶೈಲಾಳ ಬೂಟು. ಫ್ರಾವ್ ಏಗ್ಲಿ ಈಚೆ ಬಂದರು. ಅಮ್ಮನದು ಕುಂದಾಪುರದ ಕನ್ನಡ, ಅವರದು ಹಟ್ಟಿಕೋಣದ ಜರ್ಮನ್. ಅನುವಾದ ಮಾಡೋಣವೆಂದು ಓಡಿಹೋದ ನನ್ನನ್ನು ಇಬ್ಬರೂ ಕಣ್ಣೆತ್ತಿ ನೋಡಲಿಲ್ಲ. ಅಮ್ಮ ಒಂದು ದನದ ಗಂಗೆದೊಗಲನ್ನು ತುರಿಸುತ್ತ, "ಕಾಣ್, ಎಷ್ಟ್ ಸಾಧು ಇತ್ತ್" ಎಂದಳು. ಅವರೂ ಏನೋ ಹೇಳಿದರು. ದನ ಕತ್ತು ಚಾಚಿತು. ಊಟಕ್ಕೆ ಕರೆದರೂ ಅಮ್ಮ ಬರಲಿಲ್ಲ.

ಆ ವರ್ಷವೇ ಗಂಟೆಗಳ ಮೇಲೆ ತಕರಾರು ಬಂತು. ಹೊಸ ಕಟ್ಟಡಕ್ಕೆ ಬಂದ ಒಬ್ಬ ವಕೀಲರು, ರಾತ್ರಿ ದನಗಳು ಹೊರಗಿರುವಾಗ ಗಂಟೆ ಬಿಚ್ಚಬೇಕು, ತಮಗೆ ನಿದ್ದೆಯಿಲ್ಲ ಎಂದರು. ಹಟ್ಟಿಕೋಣದಲ್ಲಿ ಇಂಥದ್ದನ್ನೆಲ್ಲ ಊರವರು ಶಾಲೆಯ ದೊಡ್ಡ ಹಾಲಿನಲ್ಲಿ ಸೇರಿ, ಕೈ ಎತ್ತಿ ತೀರ್ಮಾನಿಸುತ್ತಾರೆ. ಪರದೇಶದವರು ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂರಬಹುದು, ಕೈ ಎತ್ತುವಂತಿಲ್ಲ. ಸಭೆ ಒಪ್ಪಿದರೆ ಮಾತಾಡಬಹುದು. ಫ್ರಾವ್ ಏಗ್ಲಿ ಮುಂದಿನ ಸಾಲಿನಲ್ಲಿ ಒಗೆದ ಬಿಳಿ ಅಂಗಿ ತೊಟ್ಟು ಕುಳಿತಿದ್ದರು. ಗಂಟೆಯೊಂದು ಬಿಚ್ಚಿದರೆ ಮುಂದೆ ಸೆಗಣಿಯ ವಾಸನೆ, ಆಮೇಲೆ ನೊಣ, ಆಮೇಲೆ ಹಟ್ಟಿಯೇ ಬೇಡವೆಂದು ಬರುತ್ತದೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಫ್ರಾವ್ ಏಗ್ಲಿಯವರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಮಡಿಲಲ್ಲಿದ್ದ ಕೈಗಳು ಮಾತ್ರ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

ಆ ಕೈಗಳನ್ನು ನೋಡಿ ನನಗೇನಾಯಿತೋ. ಎದ್ದು ನಿಂತೆ. ಸಭೆ ಒಪ್ಪಿತು. ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಜರ್ಮನ್ ಮಾತನ್ನು ಹೇಳಿದೆ. ಗಂಟೆಗೆ ಅವರಲ್ಲಿ ಗ್ಲಾಕೆ ಎನ್ನುತ್ತಾರೆ, ಗುಂಗುರು ಕೂದಲಿಗೆ ಲಾಕೆ. ಹೆದರಿಕೆಯಲ್ಲಿ ನನ್ನ ಬಾಯಿಂದ ಆ ಗಕಾರ ಬಿದ್ದುಹೋಯಿತು.

"ದಯವಿಟ್ಟು ದನಗಳ ಗುಂಗುರು ಕೂದಲು ತೆಗೆಯಬೇಡಿ," ಎಂದು ನಾನು ಹಟ್ಟಿಕೋಣದ ಸಮಸ್ತ ಜನರನ್ನು ಬೇಡಿಕೊಂಡೆ. "ಆ ಗುಂಗುರು ಕೂದಲಿನ ಸದ್ದು ಕೇಳಿದರೇ ಮಧ್ಯಾಹ್ನ ನನ್ನ ಮಗಳಿಗೆ ನಿದ್ದೆ ಬರುವುದು."

ಹೇಳುತ್ತಿದ್ದವನ ತಲೆಯ ಮೇಲೆ ಒಂದು ಎಳೆ ಕೂದಲೂ ಇರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಜೊತೆಗೆ, ತಕರಾರು ಇದ್ದದ್ದು ರಾತ್ರಿಯದು. ಸಭೆ ನಕ್ಕಿತು, ಬೆಂಚುಗಳು ಅಲುಗುವಷ್ಟು. ವಕೀಲರೂ ನಕ್ಕರು. ನಗು ನಿಂತಾಗ ಹಾಲಿನ ಬಿಗುಪು ಹೋಗಿತ್ತು. ಕೈಗಳು ಮೇಲೆದ್ದವು, ಗಂಟೆಗಳು ಉಳಿದವು. ನನ್ನ ಮಾತಿಗೆ ಉಳಿದವೆಂದು ನಾನು ಹೇಳುವುದಿಲ್ಲ. ಹೊರಗೆ ಫ್ರಾವ್ ಏಗ್ಲಿ ನನ್ನ ಹತ್ತಿರ ಬಂದು ನಿಂತರು. ಏನೋ ಹೇಳುವವರಂತೆ ಮುಖ ನೋಡಿದರು. ಆಮೇಲೆ ತಲೆ ಆಡಿಸಿ ಸೈಕಲ್ ಹತ್ತಿ ಹೊರಟುಹೋದರು.

ಮುಂದೆ ಶೈಲಾಳ ಕೆಲಸ ಈ ಕಡೆಗೆ ಬಂತು. ನಾವು ಫ್ರೀಮಾಂಟಿಗೆ ಬಂದೆವು. ನಾನು ಶಾಲೆಗಳಲ್ಲಿ ಬದಲಿ ಮೇಷ್ಟ್ರಾದೆ. ಇಲ್ಲಿಯೂ ಮೊದಲು ಏಪ್ರಿಕಾಟ್ ತೋಟಗಳಿದ್ದವಂತೆ, ಹೂಕೋಸಿನ ಗದ್ದೆಗಳಿದ್ದವಂತೆ. ಈಗ ಮಾರ್ಗನ್ ಹಿಲ್‌ವರೆಗೂ ಮನೆಗಳೇ ಮನೆಗಳು. ನನಗೆ ಇದರಿಂದ ಬೇಸರವಾಗದು, ನಾನು ಕಂಡ ತೋಟಗಳಲ್ಲವಲ್ಲ. ಹಟ್ಟಿಕೋಣದ ಗದ್ದೆ ಮಾತ್ರ ನನ್ನದು ಎಂದುಕೊಂಡಿದ್ದೆ. ಫ್ರೀವೇಯ ನನ್ನ ಕನಸಿನಲ್ಲಿ ಅದರ ಒಂದು ಹುಲ್ಲುಕಡ್ಡಿಯೂ ಅಲುಗದೆ ಹಾಗೇ ಇತ್ತು.

ಹೋದ ಶರತ್ಕಾಲದಲ್ಲಿ ಒಂದು ಇಮೇಲು ಬಂತು. ಬರೆದವಳು ಫ್ರಾವ್ ಏಗ್ಲಿಯವರ ಮೊಮ್ಮಗಳು. ಅವಳು ವಾಲ್ನಟ್ ಕ್ರೀಕಿನಲ್ಲಿದ್ದಾಳೆ, ಮಗುವಾಗಿದೆ, ಮಗುವನ್ನು ನೋಡಲು ಅಜ್ಜಿ ಬಂದಿದ್ದಾರೆ. "ಗುಂಗುರು ಕೂದಲಿನವರು ಈ ಕಡೆ ಎಲ್ಲೋ ಇರಬೇಕು, ಹುಡುಕು ಎಂದು ಅಜ್ಜಿ ದಿನವೂ ಹೇಳುತ್ತಾರೆ," ಎಂದು ಬರೆದಿದ್ದಳು.

ಶೈಲಾಳಿಗೆ ಆ ದಿನ ಕೆಲಸ. ನಾನೂ ಅನಘಾಳೂ ರೈಲಿನಲ್ಲಿ ಹೊರಟೆವು, ಓಕ್ಲೆಂಡಿನಲ್ಲಿ ರೈಲು ಬದಲಿಸಿ. ದಾರಿಯುದ್ದಕ್ಕೂ ನನಗೆ ಅಳುಕು. ಆ ಹಟ್ಟಿ ಕೆಡವಿದ್ದಾರೆ, ಅಲ್ಲಿ ಫ್ಲ್ಯಾಟು ಕಟ್ಟಿದ್ದಾರೆ ಎಂಬುದನ್ನು ನಾನು ವರ್ಷಗಳ ಹಿಂದೆಯೇ ಕಂಪ್ಯೂಟರಿನ ನಕ್ಷೆಯಲ್ಲಿ ನೋಡಿದ್ದೆ. ಹಟ್ಟಿ ಕಳೆದುಕೊಂಡ ಆ ಮುದುಕಿಗೆ ಏನು ಹೇಳಲಿ? ದುಃಖ ಹಂಚಿಕೊಳ್ಳುವ ನಾಲ್ಕು ಜರ್ಮನ್ ಮಾತುಗಳನ್ನು ಮತ್ತೆ ಮತ್ತೆ ಬಾಯಿಪಾಠ ಮಾಡಿದೆ, ಈ ಸಲ ಯಾವ ಅಕ್ಷರವೂ ಬೀಳದ ಹಾಗೆ.

ಮೊಮ್ಮಗಳ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಅವರು ಕೋಟು ತೊಟ್ಟು ಸಿದ್ಧವಾಗಿ ನಿಂತಿದ್ದರು. ಬೆನ್ನು ಬಾಗಿತ್ತು. ಒಳಗೆ ತಾಯಿ ಮಗು ಮಲಗಿದ್ದಾರೆ, ನಡೆಯೋಣ ಎಂದರು. ಅನಘಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಮೈ ಮುಟ್ಟಿದರೆ ಸಿಡುಕುವ ಹುಡುಗಿ ಸುಮ್ಮನೆ ನಿಂತಳು.

ಆಮೇಲೆ ನನ್ನನ್ನು ಕೇಳಿದರು, "ಈ ಊರಿನ ಹೆಸರಿನಲ್ಲಿ ಅಕ್ರೋಟು ಇದೆಯಲ್ಲ. ಮರ ಎಲ್ಲಿ?"

ಹೆಸರಿನಲ್ಲಿ ಮಾತ್ರ ಇರುವುದು ಎಂದೆ. ಅವರು ಒಪ್ಪಲಿಲ್ಲ. ಹೆಸರಿದ್ದ ಮೇಲೆ ಮರ ಇದ್ದೇ ಇರಬೇಕು. ದುಬಾರಿ ಅಂಗಡಿಗಳ ಗಾಜಿನ ಕಿಟಕಿಗಳ ಮುಂದೆ ನಾವು ಮೂವರೂ ಅಕ್ರೋಟಿನ ಮರ ಹುಡುಕುತ್ತ ಹೊರಟೆವು. ಚೀಲ ಹಿಡಿದು ಬರುವವರಿಗೆಲ್ಲ ಅವರು "ಗ್ರ್ಯೂಟ್ಸಿ" ಎನ್ನುತ್ತಿದ್ದರು. ಜನ ನಕ್ಕು "ಹಾಯ್" ಎನ್ನುತ್ತಿದ್ದರು. ಅನಘಾ ನನ್ನ ಕಡೆ ನೋಡಿ, ನಮ್ಮ ಪಕ್ಕದಲ್ಲೇ ನಡೆದಳು.

ಹೆಸರಿನಲ್ಲಿದ್ದ ತೋಡು, ಅದೇ ಕ್ರೀಕು, ಮೊದಲು ಸಿಕ್ಕಿತು. ಕಟ್ಟಡಗಳ ಹಿಂದೆ, ಕಾಂಕ್ರೀಟಿನ ಚರಂಡಿಯೊಳಗೆ ಬೆರಳು ದಪ್ಪದ ನೀರು. ಅದರ ಪಕ್ಕ ಒಂದು ಪಾರ್ಕಿಂಗು, ಪಾರ್ಕಿಂಗಿನ ಮೂಲೆಯಲ್ಲಿ, ಕಸದ ಡಬ್ಬಿಗಳ ಹಿಂದೆ, ನಿಜವಾಗಿಯೂ ಒಂದು ಅಕ್ರೋಟಿನ ಮರ. ಕೆಳಗೆ ಕಾಯಿ ಬಿದ್ದು ಕಪ್ಪಾಗಿದ್ದವು. ಅವರು ಕಾರುಗಳ ನಡುವೆ ಬಗ್ಗಿ ಆರಿಸತೊಡಗಿದರು. ಅನಘಾಳೂ ಬಗ್ಗಿದಳು. ಇಬ್ಬರ ಬೆರಳುಗಳೂ ಕಂದು ಬಣ್ಣಕ್ಕೆ ತಿರುಗಿದವು.

ಇದೇ ಸಮಯವೆಂದು ನಾನು ಬಾಯಿಪಾಠ ಒಪ್ಪಿಸಿದೆ. ಹಟ್ಟಿ ಹೋದದ್ದು ತಿಳಿದು ಬಹಳ ದುಃಖವಾಯಿತು ಎಂದೆ.

ಅವರು ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದರು. "ಯಾರಿಗೆ ದುಃಖ? ನಿಮಗಾ?"

"ನಿಮಗೆ," ಎಂದೆ.

"ನಾನೇ ಕೊಟ್ಟದ್ದು. ಮಂಡಿ ಹೋಯಿತು, ದನ ಕೊಟ್ಟೆ, ಜಾಗವನ್ನೂ ಕೊಟ್ಟೆ. ಅದೇ ಜಾಗದಲ್ಲಿ ಮೂರನೆಯ ಮಹಡಿಯಲ್ಲಿದ್ದೇನೆ. ಹುಟ್ಟಿದಾಗಿನಿಂದ ಸೂರ್ಯ ಹುಟ್ಟುವ ಮೊದಲೇ ಎದ್ದವಳು. ಈಗ ಹಾಸಿಗೆಯಲ್ಲೇ ಮಲಗಿ, ಮೇಲಿನ ಮನೆಯವರು ಸ್ನಾನ ಮಾಡುವ ಸದ್ದು ಕೇಳುತ್ತೇನೆ. ಚೆನ್ನಾಗಿರುತ್ತದೆ." ಒಂದು ಕಾಯಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಗಂಟೆ ನಿಂತ ವಾರ ಆ ವಕೀಲ ಬಂದಿದ್ದ, ಕೇಕು ತಗೊಂಡು. ನನಗೆ ಹುಷಾರಿಲ್ಲವೋ ಏನೋ ಎಂದು ನೋಡಲು."

ಇಷ್ಟು ವರ್ಷ ಅವರ ಪರವಾಗಿ ನಾನು ಹೊತ್ತು ತಿರುಗಿದ್ದ ದುಃಖಕ್ಕೆ ಇಳಿಸಲು ಜಾಗವಿಲ್ಲದೆ ಹೋಯಿತು. ನನ್ನ ಪೇಚನ್ನು ನೋಡಿಯೋ ಏನೋ, ಅನಘಾ ಮಾತು ಬದಲಿಸಿದಳು. "ಅಪ್ಪಾ, ಆಸ್ಕ್ ಹರ್. ನಾನು ನಿಜವಾಗ್ಲೂ ಬೆಲ್ ಕೇಳಿ ಮಲಗ್ತಿದ್ನಾ?"

ನಾನು ಹೆಮ್ಮೆಯಿಂದಲೇ ಅನುವಾದಿಸಿದೆ. ಫ್ರಾವ್ ಏಗ್ಲಿ ಅಂದು ಸಭೆಯ ಹೊರಗೆ ನೋಡಿದ್ದರಲ್ಲ, ಅದೇ ನೋಟ ನೋಡಿದರು.

"ಇಲ್ಲ," ಎಂದರು. "ಮಲಗುತ್ತಿದ್ದದ್ದು ಅಪ್ಪ. ಗಂಟೆ ಕೇಳಿದ ಕೂಡಲೇ ನೀನು ಎದ್ದು ಬರುತ್ತಿದ್ದೆ. ಕಟಕಟೆ ಹಿಡಿದು ನಿಂತು ಕೂಗುತ್ತಿದ್ದೆ. ಒಂದು ಕಾಲು ಕಂಬಿಗಳ ಸಂದಿಯಿಂದ ಹೊರಗೆ. ಒಳಗಿನಿಂದ ಅಪ್ಪನ ಗೊರಕೆ."

"ಆಮೇಲೆ?" ಎಂದವನು ನಾನು.

"ಆಮೇಲೇನು. ನಾನು ದನಗಳನ್ನು ಕಿಟಕಿಯ ಕೆಳಗೇ ತಂದು ನಿಲ್ಲಿಸುತ್ತಿದ್ದೆ. ಒಂದೊಂದರ ಹೆಸರು ಹೇಳುತ್ತಿದ್ದೆ. ಇವಳಿಗೆ ಸಾಕಾಗಿ ಕೂರುತ್ತಿದ್ದಳು, ತಲೆ ಕೆಳಗೆ ಹೋಗುತ್ತಿತ್ತು. ಮಲಗಿದಳು ಎಂದು ಗೊತ್ತಾದ ಮೇಲೆ ನಾನು ಹೋಗುತ್ತಿದ್ದೆ."

"ದಿನಾ?"

"ಮಳೆ ಇಲ್ಲದ ದಿನ. ಮಳೆ ಬಂದರೆ ನೀವು ಕಿಟಕಿ ಹಾಕುತ್ತಿದ್ದಿರಿ."

"ಹೇಳಬೇಕಿತ್ತು ನನಗೆ."

"ಹೇಳಬೇಕೆಂದೇ ಇದ್ದೆ. ಆಮೇಲೆ ನೀವು ಸಭೆಯಲ್ಲಿ ಎದ್ದು ನಿಂತು ಹಾಗೆ ಹೇಳಿದಿರಿ. ಇನ್ನು ಹೇಗೆ ಹೇಳಲಿ?" ಅವರು ಅನಘಾಳ ಕಡೆ ತಿರುಗಿದರು. "ಇವಳಿಗೆ ಬಹಳ ಇಷ್ಟವಾದದ್ದು ಕಂದು ಬಣ್ಣದ ಮುದಿ ಹಸು. ಅದನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಅಲ್ಮಾ ಎಂದು."

ಅಲ್ಲಿಯವರೆಗಿನದನ್ನು ನಾನು ಮಗಳಿಗೆ ಕನ್ನಡದಲ್ಲಿ ಹೇಳುತ್ತಲೇ ಇದ್ದೆ, ಈ ಕೊನೆಯ ಹೆಸರಿಗೆ ಮಾತ್ರ ಅನುವಾದ ಬೇಕಾಗಲಿಲ್ಲ. ತನ್ನ ಮೊದಲ ಮಾತಿನ ಕತೆಯನ್ನು ಅನಘಾ ಅಮ್ಮನ ಬಾಯಲ್ಲಿ ಪ್ರತಿ ಹುಟ್ಟುಹಬ್ಬಕ್ಕೂ ಕೇಳಿದವಳು. ಕಾಯಿ ಹಿಡಿದ ಕೈ ಹಾಗೇ ನಿಂತಿತು. "ಓ ನೋ," ಎಂದಳು ಮೆಲ್ಲಗೆ. "ಅಮ್ಮಂಗೆ ಹೇಳೋದು ಬೇಡ ಅಪ್ಪಾ."

ಬೇಡ ಎಂದೆ. ಪಾರ್ಕಿಂಗಿನ ಕಟ್ಟೆಯ ಮೇಲೆ ಕುಳಿತೆ. ಆ ಕಿಟಕಿ ನೆಲದಿಂದ ಎಷ್ಟು ಎತ್ತರವಿತ್ತೆಂದು ನನ್ನ ಕನಸಿನಲ್ಲಿ ಒಮ್ಮೆಯೂ ಅಳೆದಿರಲಿಲ್ಲ. ನಾನು ಸುಖವಾಗಿ ಮಲಗಿದ್ದ ಆ ಮಧ್ಯಾಹ್ನಗಳ ಕೆಳಗೆ ಯಾವಾಗಲೂ ಒಬ್ಬರು ತಲೆ ಎತ್ತಿಕೊಂಡು ನಿಂತಿದ್ದರು. ಕೊಯ್ದ ಹುಲ್ಲು ಬಿಸಿಲಿಗೆ ಬಿದ್ದಿರುತ್ತಿತ್ತು, ಕೆಲಸ ಕಾಯುತ್ತಿತ್ತು. ಅವರು ದನಗಳ ಹೆಸರು ಹೇಳುತ್ತಿದ್ದರು.

ಸಂಜೆ ಅವರೇ ರೈಲು ನಿಲ್ದಾಣದವರೆಗೂ ಬಂದರು, ಪ್ಲಾಟ್‌ಫಾರ್ಮಿನವರೆಗೂ. ಬೇಡವೆಂದರೂ ಕೇಳಲಿಲ್ಲ. ರೈಲು ಬರುವುದು ಕಾಣಿಸಿದಾಗ ನನಗೆ ಕೈ ಚಾಚಿದರು. ಕೈ ಕುಲುಕಿ ಬಿಡಬೇಕು ಎನ್ನುವಾಗ ಅವರು ಬಿಡಲಿಲ್ಲ.

"ನಾನು ಲೀನಾ," ಎಂದರು.

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಜರ್ಮನ್ನಿನಲ್ಲಿ ನಮ್ಮಂತೆಯೇ ನೀನು ಬೇರೆ, ನೀವು ಬೇರೆ. ನೀವು ಎನ್ನುತ್ತಿದ್ದವರನ್ನು ನೀನು ಎನ್ನಲು ಅಲ್ಲಿ ಒಂದು ಶಾಸ್ತ್ರವಿದೆ. ಹಿರಿಯರೇ ಕೈ ಚಾಚಿ ತಮ್ಮ ಹೆಸರು ಹೇಳಬೇಕು. ಹಟ್ಟಿಕೋಣದಲ್ಲಿ ಜೀವಮಾನವಿಡೀ ಅಕ್ಕಪಕ್ಕ ಬದುಕಿ, ಇದೊಂದು ಆಗದೆಯೇ ಸತ್ತವರಿದ್ದಾರೆ.

"ನಾನು ವಾಸುದೇವ," ಎಂದೆ. "ನಿಮಗೆ ಹೇಗೆ..."

ಕೈ ಇನ್ನೂ ಬಿಗಿಯಾಯಿತು. ತಲೆ ಅಡ್ಡಡ್ಡ ಆಡಿಸಿದರು. ರೈಲು ಬಂದು ನಿಂತಿತು. ಬಾಗಿಲು ತೆರೆದು ಜನ ನಮ್ಮ ಎರಡೂ ಬದಿಯಿಂದ ಹರಿದುಹೋದರು. ನಮ್ಮ ಕಡೆ ನೀನು ಎಂದು ಕರೆಯುವ ಹಿರಿಯರು ಯಾರಿದ್ದಾರೆ? ದೇವರೊಬ್ಬ, ಅಮ್ಮ ಒಬ್ಬಳು.

"ಅಪ್ಪಾ, ಟ್ರೈನ್," ಎಂದಳು ಅನಘಾ.

"ನೀನು ಹುಷಾರಾಗಿರು," ಎಂದೆ.

ಅವರು ಕೈ ಬಿಟ್ಟರು.

ಒಳಗೆ ಸೀಟು ಸಿಕ್ಕಿತು. ರೈಲು ವಾಲ್ನಟ್ ಕ್ರೀಕ್ ದಾಟಿ ಗುಡ್ಡಗಳ ಕಡೆ ತಿರುಗಿದಾಗ ಅನಘಾ ಕೇಳಿದಳು.

"ವಾಟ್ ಡಿಡ್ ಶಿ ಸೇ?"

"ಹೆಸರು ಹೇಳಿದರು."

"ಇಷ್ಟು ದಿನ ಹೆಸರೇ ಗೊತ್ತಿರ್ಲಿಲ್ವಾ?"

"ಎಲ್ ಅಂತ ಗೊತ್ತಿತ್ತು. ಟಪಾಲು ಡಬ್ಬಿ ಮೇಲೆ ಬರೆದಿತ್ತು."

ಅವಳು ತನ್ನ ಕಂದು ಬೆರಳುಗಳನ್ನು ನೋಡಿಕೊಂಡಳು. "ನೆಕ್ಸ್ಟ್ ಟೈಮ್ ಸಿಕ್ಕಿದ್ರೆ ನಾನು ಏನಂತ ಕರೀಲಿ?"

"ಅವರನ್ನೇ ಕೇಳು," ಎಂದೆ. ಆಮೇಲೆ, ಕಿಟಕಿಯ ಕಡೆ ತಿರುಗಿಕೊಂಡು, "ಅವಳನ್ನೇ ಕೇಳು," ಎಂದೆ.